ಭಾನುವಾರ ಗಗನಾ ಮಾತನಾಡಿದರು

ಮೈಸೂರು
8 ಜನವರಿ 2007

ಅಜ್ಜಿಗೆ ಗಗನಾಳ ನಮಸ್ಕಾರ.

ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ. ನಾನು ಕಿರುಚಿ ಹೇಳಿದರೆ ಹಾಸ್ಟೆಲ್ಲಿನವರಿಗೆಲ್ಲ ನಮ್ಮ ಮನೆಯ ವಿಷಯ ತಿಳಿಯುತ್ತದೆ. ಅದಕ್ಕೇ ಪತ್ರ. ತಪ್ಪಿದ್ದರೆ ಬೈಯಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳ ಕನ್ನಡ ಇಷ್ಟೇ.

ಕೊಪ್ಪದ ವರದಿಗಾರ ಪ್ರಸನ್ನಕುಮಾರ್ ನನಗೊಂದು ಕಾರ್ಡ್ ಹಾಕಿದ್ದಾರೆ. ಈ ತಿಂಗಳ ಇಪ್ಪತ್ತೆಂಟರ ಭಾನುವಾರ ಕೊಪ್ಪದಲ್ಲಿ ಅಜ್ಜನಿಗೆ ನುಡಿನಮನ ಸಭೆಯಂತೆ. ಅಪ್ಪ ಅಮ್ಮನಿಗೆ ಮಸ್ಕತ್ತಿನಿಂದ ರಜೆ ಸಿಗುವುದಿಲ್ಲ, ಆದ್ದರಿಂದ ಮನೆಯವರ ಪರವಾಗಿ ನಾನು ಮಾತನಾಡಬೇಕಂತೆ. ‘ನಿಮ್ಮ ಹೆಸರು ಆಗಲೇ ಬಂದಿದೆ’ ಎಂದು ಬರೆದಿದ್ದಾರೆ. ಎಲ್ಲಿ ಬಂದಿದೆ? ಯಾರು ಹಾಕಿದರು? ನನ್ನನ್ನು ಒಂದು ಮಾತು ಕೇಳಬೇಕಲ್ಲವಾ?

ನಿನಗೆ ನಿಜ ಹೇಳುತ್ತೇನೆ, ಅಪ್ಪನಿಗೆ ಹೇಳಬೇಡ. ಫ್ರೆಶರ್ಸ್ ಡೇ ದಿನ ಹೆಸರು, ಊರು ಹೇಳಲು ನಮ್ಮನ್ನೆಲ್ಲ ಸ್ಟೇಜಿಗೆ ಕರೆದರು. ಮೈಕ್ ಹಿಡಿದೆ. ನನ್ನ ಹೆಸರೇ ಬಾಯಿಗೆ ಬರಲಿಲ್ಲ. ಕೊನೆಗೆ ರೂಮ್‌ಮೇಟ್ ಭವ್ಯ ಕೆಳಗಿನಿಂದ "ಗಗನಾ, ಎನ್.ಆರ್. ಪುರ" ಎಂದು ಕೂಗಿದಳು. ಎಲ್ಲರೂ ನಕ್ಕರು. ಅದಾದ ಮೇಲೆ ಕ್ಲಾಸಿನಲ್ಲಿ ಅಟೆಂಡೆನ್ಸ್ ಹೇಳುವಾಗಲೂ ಮೊದಲು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯ. "ನಿಮ್ಮಜ್ಜ ಪಾಲಿಟಿಶಿಯನ್ನಾ?" ಎಂದು ಭವ್ಯ ಕೇಳಿದಳು. "ಅಲ್ಲ, ಮಂತ್ರಿಗಳ ಪ್ರೆಸ್ ಸೆಕ್ರೆಟರಿ. ಸಲಹೆಗಾರರು" ಎಂದೆ. "ಅಂದರೆ ಏನು ಕೆಲಸ?" ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ ಮನುಷ್ಯನ ಬಗ್ಗೆ ಹೇಗೆ ಮಾತನಾಡಲಿ? ನೀನಾದರೂ ಬರೆದು ತಿಳಿಸು.

ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ ಗಗನಾ


ನರಸಿಂಹರಾಜಪುರ
12 ಜನವರಿ 2007

ಗಗನಾ,

ಕಾಗದ ಸಿಕ್ಕಿತು. ಇದರ ಜೊತೆಗೆ ಎಳ್ಳು ಕಳುಹಿಸಿದ್ದೇನೆ, ಭವ್ಯಳಿಗೂ ಕೊಡು.

ನಿಮ್ಮಜ್ಜನ ಕೆಲಸ ಕೇಳಿದ್ದೀಯ. ಮಂತ್ರಿಗಳು ನಾಳೆ ಯಾವುದೋ ಊರಿನಲ್ಲಿ ಭಾಷಣ ಮಾಡುವವರಿದ್ದರೆ ಇವರು ಇವತ್ತೇ ಪತ್ರಿಕೆಗಳಿಗೆ ಪ್ರೆಸ್ ನೋಟ್ ಕಳುಹಿಸುತ್ತಿದ್ದರು. ‘ಹೇಳಲಿದ್ದಾರೆ’ ಎಂದಲ್ಲ, ‘ಹೇಳಿದರು’ ಎಂದೇ. ಭಾಷಣ ಮುಗಿಯಲಿ ಎಂದು ಕೂತರೆ ಪತ್ರಿಕೆಗೆ ಹೋಗುವ ಕವರು ಬಸ್ಸಿಗೆ ಸಿಗುತ್ತಿರಲಿಲ್ಲ, ಸುದ್ದಿ ಮರುದಿನದ ಪೇಪರಿಗೆ ಬರುತ್ತಿರಲಿಲ್ಲ. ಆ ಕೆಲಸದಲ್ಲಿ ಎಲ್ಲರೂ ಹಾಗೇ ಮಾಡುವುದು. ಆದರೆ ಇವರು ಬರೆದದ್ದು ತಪ್ಪುತ್ತಿರಲಿಲ್ಲ. ‘ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು’ ಎಂದು ಬರೆದಿದ್ದರೆ ಎಂಥ ಮಂಕು ಊರಿನವರೂ ಎದ್ದು ನಿಲ್ಲುತ್ತಿದ್ದರು. ಒಮ್ಮೆ ಮಂತ್ರಿಗಳು ನಮ್ಮ ಕ್ವಾರ್ಟರ್ಸಿಗೆ ಊಟಕ್ಕೆ ಬಂದಿದ್ದಾಗ, "ಎಂತ ವಾಸಪ್ಪ, ನಾಳೆ ನಾನು ಎಂತ ಹೇಳ್ದೆ ಅಂತ ಸ್ವಲ್ಪ ಹೇಳು ಮಾರಾಯ" ಎಂದು ಕೇಳಿದ್ದರು. ನಾನು ಬಡಿಸುವುದು ಬಿಟ್ಟು ನಕ್ಕಿದ್ದೆ. ಇವರು ನಗಲಿಲ್ಲ.

ಒಂದು ಸಲ ಒಂದು ಊರಿನಲ್ಲಿ ದೊಡ್ಡ ಗಲಾಟೆ. ಎರಡು ಕೇರಿಯವರು ಕಲ್ಲು, ದೊಣ್ಣೆ ಹಿಡಿದು ನಿಂತಿದ್ದರು. ಪೊಲೀಸರು ಗುಂಡು ಹಾರಿಸಲು ಅಪ್ಪಣೆ ಕೇಳುತ್ತಿದ್ದರು. ಅಪ್ಪಣೆ ಕೊಡಲು ಹೊರಟ ಮಂತ್ರಿಗಳನ್ನು ಇವರು ತಡೆದು, ಅಲ್ಲೇ ಕೂತು ರೇಡಿಯೋದವರಿಗೆ ನಾಲ್ಕು ಸಾಲು ಬರೆದುಕೊಟ್ಟರು: ‘ಎರಡೂ ಕೇರಿಯ ಹಿರಿಯರು ಸಂಜೆ ಒಟ್ಟಿಗೆ ಕುಳಿತು ಚಹಾ ಕುಡಿದರು. ಪರಿಸ್ಥಿತಿ ಶಾಂತವಾಗಿದೆ.’ ಹಾಗೆ ಬರೆದಾಗ ಅಲ್ಲಿ ಚಹಾ ಕಾಸಿದವರೂ ಇರಲಿಲ್ಲ. ಸಂಜೆಯ ವಾರ್ತೆಯಲ್ಲಿ ಬಂತು. ಆ ಕಡೆಯ ಹಿರಿಯರೂ ಕೇಳಿದರು, ಈ ಕಡೆಯವರೂ ಕೇಳಿದರು. ಕುಡಿದೇ ಬಿಟ್ಟರು. ಒಂದು ಹೆಣವೂ ಬೀಳಲಿಲ್ಲ. ಇದನ್ನು ಇವರು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಸೈಟು ಕೊಡುತ್ತೇವೆ ಎಂದು ಬಂದವರನ್ನು ಗೇಟಿನಿಂದಲೇ ಕಳುಹಿಸಿದ ಮನುಷ್ಯ. ಪೆನ್ಷನ್ನಿನಲ್ಲೇ ಬದುಕಿದೆವು.

ನಿನ್ನ ಹೆಸರು ಎಲ್ಲಿ ಬಂತು ಎಂದು ಕೇಳಿದ್ದೀಯ. ನಿಮ್ಮಜ್ಜ ತಮ್ಮ ನುಡಿನಮನದ ಪ್ರೆಸ್ ನೋಟನ್ನೂ ತಾವೇ ಬರೆದಿಟ್ಟು ಹೋಗಿದ್ದಾರೆ. ಎಲ್ಲ ಆಗಿಹೋದ ಹಾಗೆ. ಕೊಪ್ಪದಲ್ಲಿ ಭಾನುವಾರ, ಸಹಕಾರ ಸಂಘದ ಮಹಡಿಯಲ್ಲಿ, ಮಾಜಿ ಶಾಸಕ ವೀರಪ್ಪನವರ ಅಧ್ಯಕ್ಷತೆ. ‘ಮೊಮ್ಮಗಳು ಗಗನಾ ಮಾತನಾಡಿದರು. ಸಭೆಯ ಕಣ್ಣು ತೇವವಾಯಿತು’ ಎಂದಿದೆ. ಪ್ರಸನ್ನ ಇವರ ಕೈಕೆಳಗೆ ಪಳಗಿದವನು. ಅದು ಅವನ ಹತ್ತಿರವೇ ಇದೆ.

ಹಾಗಾಗಿ ಹೆದರಬೇಡ ಮಾರಾಯ್ತಿ. ನೀನು ಆಗಲೇ ಮಾತಾಡಿ ಆಗಿದೆ. ಬಂದು ನಿಂತರೆ ಸಾಕು.

ಅಜ್ಜಿ


ಮೈಸೂರು
16 ಜನವರಿ 2007

ಅಜ್ಜಿಗೆ,

ಎಳ್ಳು ತಲುಪಿತು. ಭವ್ಯಳಿಗೆ ತುಂಬ ಇಷ್ಟವಾಯಿತು.

ನಾನು ಬರುವುದಕ್ಕೆ ಆಗುವುದಿಲ್ಲ. ಸೋಮವಾರದಿಂದ ಇಂಟರ್ನಲ್ಸ್ ಪರೀಕ್ಷೆ ಇದೆ. ಅಟೆಂಡೆನ್ಸ್ ಕೂಡ ಶಾರ್ಟೇಜ್. ವಾರ್ಡನ್ ರಜೆ ಕೊಡುವುದಿಲ್ಲ. ಪ್ರಸನ್ನಕುಮಾರ್ ಅವರಿಗೆ ನೀನೇ ಹೇಳಿಬಿಡು, ನನ್ನ ಹೆಸರು ತೆಗೆಯಲು. ಸಭೆಯನ್ನೇ ಮುಂದಕ್ಕೆ ಹಾಕಿದರೆ ಇನ್ನೂ ಒಳ್ಳೆಯದು. ಬೇಸಿಗೆ ರಜೆಯಲ್ಲಿ ಮಾಡಲಿ. ಅಥವಾ ಮಾಡುವುದೇ ಬೇಡ.

ನೀನು ಚೆನ್ನಾಗಿದ್ದೀಯ ತಾನೆ? ಎದೆನೋವು, ತಲೆಸುತ್ತು ಏನೂ ಇಲ್ಲವಲ್ಲ? ಒಬ್ಬಳೇ ಕೆರೆಯ ಕಡೆ, ಹಿನ್ನೀರಿನ ಕಡೆ ಹೋಗಬೇಡ. ಪಕ್ಕದ ಮನೆಯ ವೀರಬಸಮ್ಮನನ್ನು ದಿನಾ ಒಂದು ಸಲ ಬಂದು ನೋಡಲು ಹೇಳು. ಉತ್ತರ ಬೇಗ ಬರೆ.

ಗಗನಾ


ನರಸಿಂಹರಾಜಪುರ
20 ಜನವರಿ 2007

ಗಗನಾ,

ನನಗೆ ಎಂಥ ಎದೆನೋವು? ನಿನ್ನೆ ಅರ್ಧ ಚೀಲ ಅವರೆಕಾಯಿ ಸುಲಿದೆ. ನೀನು ನನ್ನ ಆರೋಗ್ಯದ ನೆಪ ಹಿಡಿದು ಸ್ಟೇಜು ತಪ್ಪಿಸಿಕೊಳ್ಳಲು ನೋಡುತ್ತಿದ್ದೀಯ. ನಿಮ್ಮಪ್ಪನೂ ಹೀಗೇ ಇದ್ದ. ಶಾಲೆಯ ನಾಟಕದ ದಿನ ಹೊಟ್ಟೆನೋವು ಎಂದು ಮಲಗುತ್ತಿದ್ದ.

ಇಲ್ಲಿ ಎಲ್ಲ ತಾನಾಗಿ ಕೂಡಿ ಬರುತ್ತಿದೆ. ವೀರಪ್ಪ ಇವರ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು, ಸಾವಿಗೂ ಬಂದಿರಲಿಲ್ಲ. ಅವನನ್ನು ಹೇಗೆ ಕರೆಯುವುದು ಎಂದು ಪ್ರಸನ್ನ ತಲೆ ಕೆರೆದುಕೊಳ್ಳುತ್ತಿದ್ದ. ಮೊನ್ನೆ ವೀರಪ್ಪನೇ ಬಂದು ಜಗಲಿಯ ಮೇಲೆ ಕೂತು, "ಅಕ್ಕಾ, ಅಧ್ಯಕ್ಷತೆ ನಂದೇ ಅಲ್ಲವಾ?" ಎಂದ.

"ಯಾರು ಹೇಳಿದ್ರೋ ನಿಂಗೆ?" ಎಂದೆ.

"ಯಾರೂ ಹೇಳಲಿಲ್ಲ. ಗೊತ್ತಿತ್ತು" ಎಂದ. ಹೇಳಿ ತಾನೇ ಬೆರಗಾದ.

ಇನ್ನೊಂದು. ಪ್ರಸನ್ನ ಮೊದಲು ಬೇರೆ ಸಭಾಂಗಣ ಗೊತ್ತು ಮಾಡಿದ್ದ. ಅಲ್ಲಿ ಅದೇ ದಿನಕ್ಕೆ ಮದುವೆ ಬಿದ್ದು ನಮ್ಮ ಸಭೆಯನ್ನು ಬಿಡಿಸಿದರು. ಈಗ ಉಳಿದದ್ದು ಸಹಕಾರ ಸಂಘದ ಮಹಡಿ. ಪ್ರಸನ್ನ ಬಂದು ಹೇಳುವಾಗ ಅವನ ದನಿ ಒಂಥರಾ ಇತ್ತು. "ಅಮ್ಮಾ, ಗುರುಗಳು ಬರೆದಿಟ್ಟ ಕಾಪಿ ಓದಿಕೊಂಡು ಕೆಲಸ ಮಾಡಿದ್ರೆ ಸಾಕು ಅನ್ನಿಸ್ತದೆ" ಎಂದ.

ಗಿಡ್ಡಯ್ಯನ ಬಾಡಿಗೆ ಜೀಪಿನಲ್ಲಿ ನಾನು ಕೊಪ್ಪಕ್ಕೆ ಹೋಗುತ್ತೇನೆ. ನೀನು ಮೈಸೂರಿನಿಂದ ನೇರ ಅಲ್ಲಿಗೇ ಬಾ. ನಿಮ್ಮಜ್ಜನ ಬಗ್ಗೆ ನಮ್ಮ ಮನೆಯ ಒಂದು ಬಾಯಾದರೂ ಮಾತನಾಡಬೇಡವೇ?

ಅಜ್ಜಿ


ಮೈಸೂರು
24 ಜನವರಿ 2007

ಅಜ್ಜಿ,

ಇನ್ನು ಮುಚ್ಚಿಡಲಾರೆ. ಇಂಟರ್ನಲ್ಸ್ ನೆಪ ಸುಳ್ಳು. ಹೋದ ವಾರ ಎಳ್ಳಿನ ಜೊತೆಗೇ ಪ್ರಸನ್ನಕುಮಾರ್ ಅವರ ಕವರೂ ಬಂದಿತ್ತು. ಅಜ್ಜನ ಪ್ರೆಸ್ ನೋಟಿನ ಝೆರಾಕ್ಸ್ ಕಳುಹಿಸಿದ್ದರು. ನೀನು ನನಗೆ ಎಲ್ಲವನ್ನೂ ಬರೆದು ಒಂದು ಸಾಲು ಬಿಟ್ಟಿದ್ದೀಯ.

‘ಸಭೆಯ ಆರಂಭದಲ್ಲಿ ವಾಸಪ್ಪ ಅವರ ಪತ್ನಿ ದಿವಂಗತ ಅನ್ನಪೂರ್ಣಮ್ಮ ಅವರ ಸ್ಮರಣಾರ್ಥ ಒಂದು ನಿಮಿಷ ಮೌನ ಆಚರಿಸಲಾಯಿತು.’

 ಎಸ್‌ಟಿಡಿ ಬೂತಿನಿಂದ ಪ್ರಸನ್ನಕುಮಾರ್ ಅವರಿಗೆ ಫೋನ್ ಮಾಡಿದೆ.

"ಸಾರ್, ನಮ್ಮಜ್ಜಿ ಬದುಕಿದ್ದಾರೆ. ಆ ಲೈನ್ ತೆಗೀರಿ."

"ಗೊತ್ತಮ್ಮಾ, ನಿನ್ನೆ ಅವರ ಕೈಯಲ್ಲೇ ಕಾಫಿ ಕುಡಿದು ಬಂದೆ."

"ಮತ್ತೆ?"

"ಗುರುಗಳ ಕಾಪಿ ಮೇಲೆ ಪೆನ್ನಿಡೋ ಧೈರ್ಯ ಈ ಜಿಲ್ಲೇಲಿ ಯಾರಿಗುಂಟು ಹೇಳಿ? ನಿಮ್ಮಜ್ಜಿಯನ್ನೇ ಕೇಳಿದೆ. ಇರ್ಲಿ ಬಿಡು ಅಂದ್ರು."

ಯಾಕೆ ಹಾಗೆ ಹೇಳಿದೆ ಅಜ್ಜಿ? ವೀರಪ್ಪ ತಾವಾಗಿ ಬಂದರು, ಮಹಡಿ ತಾನಾಗಿ ಸಿಕ್ಕಿತು ಎಂದು ನೀನು ಖುಷಿಯಿಂದ ಬರೆಯುತ್ತೀಯ. ನನಗೆ ಓದಲು ಭಯವಾಗುತ್ತದೆ. ಒಂದೊಂದೇ ಸಾಲು ನಿಜವಾಗುತ್ತಿದೆ. ಉಳಿದದ್ದು ನಿನ್ನ ಸಾಲು ಮತ್ತು ನನ್ನ ಸಾಲು.

ಅದಕ್ಕೆ ನಾನು ಬರುವುದಿಲ್ಲ. ಸ್ಟೇಜಿನ ಹೆದರಿಕೆಗೆ ಅಲ್ಲ. ‘ಗಗನಾ ಮಾತನಾಡಿದರು’ ಎಂಬುದು ಸುಳ್ಳಾಗಬೇಕು. ಒಂದು ಸಾಲು ಸುಳ್ಳಾದರೆ ಇಡೀ ನೋಟ್ ಸುಳ್ಳು. ಆಗ ನಿನಗೆ ಏನೂ ಆಗುವುದಿಲ್ಲ. ನಗಬೇಡ. ನೀನೂ ಹೋಗಬೇಡ. ಆ ದಿನ ಮನೆಯ ಬಾಗಿಲು ಹಾಕಿಕೊಂಡು ಕೂತಿರು.

ಗಗನಾ


ನರಸಿಂಹರಾಜಪುರ
30 ಜನವರಿ 2007

ಗಗನಾ,

ಬರುವುದಿಲ್ಲ ಎಂದು ಬರೆದ ಕಾಗದ ಶನಿವಾರ ಸಿಕ್ಕಿತು. ಹಾಗೆ ಬರೆದೂ ಬಂದೆಯಲ್ಲ, ನನ್ನ ಹೊಟ್ಟೆ ತಣ್ಣಗಾಯಿತು. ಆದರೆ ನನ್ನನ್ನು ಮಾತಾಡಿಸದೆ ಯಾಕೆ ಹೋದೆ?

ಮೊದಲು ಆ ಸಾಲಿನ ವಿಷಯ. ನನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದು ನಿನಗೆ ನೆನಪಿರಬೇಕು. ಡಾಕ್ಟರು ಕೈ ಬಿಟ್ಟಿದ್ದರು. ಇವರು ಆ ನೋಟ್ ಬರೆದದ್ದು ಆಗಲೇ, ನನ್ನ ಮಂಚದ ಪಕ್ಕ ಕೂತು. ನಾನು ಉಳಿದೆ. ಅದನ್ನು ತಿದ್ದಲು ಇವರು ಪೆನ್ನು ತೆಗೆದು ಕೂತದ್ದನ್ನು ನೋಡಿದ್ದೇನೆ. ತಿದ್ದಬೇಕಾದರೆ ತಾವಿಲ್ಲದ ಸಭೆಯಲ್ಲಿ ನಾನೊಬ್ಬಳೇ ಕೂತಿದ್ದೆ ಎಂದು ಬರೆಯಬೇಕಿತ್ತು. ಕೈ ಬರಲಿಲ್ಲ. ಊರಿಗೆಲ್ಲ ಮಾತು ಬರೆದುಕೊಟ್ಟವರು ನನಗೆ ಅಂತ ಬರೆದದ್ದು ಅದೊಂದೇ ಸಾಲು. ತಮ್ಮ ಹೊಗಳಿಕೆಗಿಂತ ಮೊದಲು ನನ್ನ ಮೌನ ಇಟ್ಟಿದ್ದಾರೆ. ಅದನ್ನು ಹೊಡೆದು ಹಾಕಿ ಎಂದು ಹೇಗೆ ಹೇಳಲಿ?

ಸಭೆ ತುಂಬಿತ್ತು. ಜಯಪುರ, ಶೃಂಗೇರಿ, ಬಾಳೆಹೊನ್ನೂರಿನಿಂದೆಲ್ಲ ಜನ ಬಂದಿದ್ದರು. ನಾನು ಮುಂದಿನ ಸಾಲಿನಲ್ಲೇ ಇದ್ದೆ. ವೀರಪ್ಪ ಎದ್ದು ಹಾಳೆ ನೋಡಿಕೊಂಡು, "ದಿವಂಗತ ಅನ್ನಪೂರ್ಣಮ್ಮನವರಿಗಾಗಿ ಒಂದು ನಿಮಿಷ ಮೌನ" ಎಂದ. ನನ್ನ ಜಗಲಿಯ ಮೇಲೆ ಕೂತು ಹೋದವನು! ಎಲ್ಲರೂ ಎದ್ದರು. ನಾನೊಬ್ಬಳು ಕೂತಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಎದ್ದು ನಿಂತೆ.

ಆ ನಿಮಿಷದಲ್ಲಿ ನನಗೆ ಎಲ್ಲ ಕೇಳಿಸಿತು ಮಗಾ. ಫ್ಯಾನು ತಿರುಗುವುದು, ಹಿಂದಿನ ಸಾಲಿನಲ್ಲಿ ಯಾರದೋ ಬಳೆ, ಕೆಳಗಿನ ಅಂಗಡಿಯಲ್ಲಿ ತಕ್ಕಡಿ ಇಟ್ಟ ಸದ್ದು. ನನ್ನ ಎಡಗಡೆ ನಿಮ್ಮಜ್ಜ ಗಂಟಲು ಸರಿಮಾಡಿಕೊಂಡದ್ದು. ಬರೆಸಲು ಶುರು ಮಾಡುವ ಮೊದಲು ಮಾಡುತ್ತಿದ್ದರಲ್ಲ, ಹಾಗೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆವತ್ತಿನಿಂದ ನನ್ನ ಕಿವಿ ಸರಿಯಾಗಿದೆ.

ಆಮೇಲೆ ನಿನ್ನ ಹೆಸರು ಕರೆದರು. ನೀನು ಬಿಳಿ ಚೂಡಿದಾರ ಹಾಕಿದ್ದೆ. ಒಂದು ಸಲವೂ ತಡವರಿಸಲಿಲ್ಲ. ಐದನೇ ಕ್ಲಾಸಿನಲ್ಲಿ ನೀನು ಹಾಸ್ಟೆಲ್ಲಿನಲ್ಲಿ ಅಳುತ್ತಿದ್ದಾಗ ಅಜ್ಜ ನಿನಗೊಂದು ಪ್ರೆಸ್ ನೋಟ್ ಕಳುಹಿಸಿದ್ದರಂತಲ್ಲ! ‘ಗಗನಾ ಇಂದು ಅಳಲಿಲ್ಲ. ಸಂಜೆ ಗೆಳತಿಯರ ಜೊತೆ ಥ್ರೋಬಾಲ್ ಆಡಿದಳು.’ ಅದು ಕೈಗೆ ಸಿಕ್ಕ ದಿನವೇ ನೀನು ಅಳು ನಿಲ್ಲಿಸಿ ಆಡಲು ಹೋದದ್ದು ಹೇಳಿದೆ. "ನಮ್ಮಜ್ಜ ಸುಳ್ಳು ಬರೆಯುತ್ತಿರಲಿಲ್ಲ, ಮುಂಚೆ ಬರೆಯುತ್ತಿದ್ದರು ಅಷ್ಟೇ" ಎಂದಾಗ ವೀರಪ್ಪನೇ ಕನ್ನಡಕ ತೆಗೆದು ಒರೆಸಿಕೊಂಡ. ನನಗೂ ಗೊತ್ತಿಲ್ಲದ ಸಂಗತಿ. ಇಷ್ಟು ದಿನ ಯಾಕೆ ಹೇಳಿರಲಿಲ್ಲ?

ನೀನು ಪಕ್ಕದ ಬಾಗಿಲಿನಿಂದ ಇಳಿದು ಶೃಂಗೇರಿ ಬಸ್ಸು ಹತ್ತಿದೆ. ನಾನು ಕೂಗಿದೆ, ಕೇಳಿಸಲಿಲ್ಲವೇನೋ.

ಪೇಪರಿನಲ್ಲಿ ಎಲ್ಲ ಬಂದಿದೆ. ಇವತ್ತು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ವೀರಬಸಮ್ಮ ಬೇಲಿಯ ಆಚೆ ನಿಂತು ಯಾರಿಗೋ "ಪಾಪ, ಒಳ್ಳೇ ಜೀವ ಹೋಯ್ತು" ಎನ್ನುತ್ತಿದ್ದಳು. "ಇಲ್ಲೇ ಇದ್ದೀನಲ್ಲೇ ಮಾರಾಯ್ತಿ!" ಎಂದೆ. ಅವಳು ಹಗ್ಗದ ಮೇಲಿನ ನನ್ನ ಸೀರೆ ನೋಡಿ, "ಅಯ್ಯೋ, ಇದನ್ನ ಯಾರೂ ತೆಗೆದೇ ಇಲ್ಲ" ಎಂದು ಒಳಗೆ ಹೋದಳು.

ತಮಾಷೆಗೆ ಇರಬೇಕು.

ಅಜ್ಜಿ


ಮೈಸೂರು
3 ಫೆಬ್ರವರಿ 2007

ಅಜ್ಜಿ,

ನಾನು ಬಂದಿರಲಿಲ್ಲ.

ಭಾನುವಾರ ಇಡೀ ದಿನ ಹಾಸ್ಟೆಲ್ಲಿನಲ್ಲೇ ಇದ್ದೆ. ತಲೆಗೆ ಎಣ್ಣೆ ಹಚ್ಚಿಕೊಂಡು, ಸ್ನಾನ ಮಾಡಿ, ಮಂಚದ ಮೇಲೆ ಕೂತು ನಿನ್ನ ಹೆಸರು ಹೇಳಿಕೊಳ್ಳುತ್ತಿದ್ದೆ. ನನ್ನ ಹತ್ತಿರ ಬಿಳಿ ಚೂಡಿದಾರವೇ ಇಲ್ಲ.

ಥ್ರೋಬಾಲ್ ವಿಷಯ ನಾನು ಯಾರಿಗೂ ಹೇಳಿಲ್ಲ. ಅಪ್ಪನಿಗೂ ಹೇಳಿಲ್ಲ. ಸಭೆಗೆ ಹೋಗುವುದಾಗಿದ್ದರೆ ಅದನ್ನೇ ಹೇಳಬೇಕು ಎಂದುಕೊಂಡಿದ್ದೆ. ಅಂದುಕೊಂಡದ್ದು ಮನಸ್ಸಿನಲ್ಲೇ ಇತ್ತು. ಅವಳಿಗೆ ಹೇಗೆ ಗೊತ್ತಾಯಿತು? ಅಲ್ಲಿ ನಿಂತವಳು ಯಾರು?

ಇಲ್ಲಿಯೂ ಏನೋ ಆಗಿದೆ. ಸೋಮವಾರ ಮೆಸ್ಸಿಗೆ ಹೋದಾಗ ನನ್ನ ತಟ್ಟೆ ಇಟ್ಟಿರಲಿಲ್ಲ. "ನೀವು ಊರಿಗೆ ಹೋಗಿದ್ದೀರಂತಲ್ಲ" ಎಂದರು. ಕ್ಲಾಸಿನಲ್ಲಿ ನನ್ನ ಹೆಸರು ಬಿಟ್ಟು ಮುಂದಿನದನ್ನು ಕರೆದರು. ಎದ್ದು ಹೇಳಲು ಬಾಯಿ ಬರಲಿಲ್ಲ. ಭವ್ಯ ನಿನ್ನೆ ರೂಮಿಗೆ ಬಂದು, ನಾನು ಮಂಚದ ಮೇಲೆ ಇರುವಾಗಲೇ ಫ್ಯಾನು, ಲೈಟು ಆರಿಸಿ ಬೀಗ ಹಾಕಿಕೊಂಡು ಹೋದಳು. ಸಂಜೆ ಕೇಳಿದರೆ ಬೆಚ್ಚಿಬಿದ್ದು "ಯಾವಾಗ ಬಂದೆ?" ಎಂದಳು.

ನಾನು ತಪ್ಪು ಲೆಕ್ಕ ಹಾಕಿದೆ ಅಜ್ಜಿ. ನಾನು ಬರದಿದ್ದರೆ ಆ ಸಾಲು ಸುಳ್ಳಾಗುತ್ತದೆ ಎಂದುಕೊಂಡಿದ್ದೆ. ಅಜ್ಜ ಬರೆದದ್ದಕ್ಕೆ ನಾನು ಬರುವುದೇ ಬೇಕಿರಲಿಲ್ಲ.

ಮುಂದಿನ ಭಾನುವಾರ ಹೊರಟು ಬರುತ್ತೇನೆ. ಸಂಜೆಯ ಹೊತ್ತಿಗೆ ಎನ್.ಆರ್. ಪುರದಲ್ಲಿರುತ್ತೇನೆ. ನಿನ್ನನ್ನು ವೀರಬಸಮ್ಮನ ಮುಂದೆ, ಪ್ರಸನ್ನಕುಮಾರ್ ಮುಂದೆ, ಇಡೀ ಪೇಟೆಯ ಮುಂದೆ ಕೈ ಹಿಡಿದು ನಡೆಸುತ್ತೇನೆ. ಜೋರಾಗಿ ಮಾತನಾಡುತ್ತೇನೆ. ಅಲ್ಲಿಯವರೆಗೆ ಬೇರೆ ಯಾರಾದರೂ ನಾನೇ ಗಗನಾ ಎಂದು ಬಂದರೆ ಒಳಗೆ ಸೇರಿಸಬೇಡ. ದಮ್ಮಯ್ಯ.

ನಿನ್ನ ಗಗನಾ


ನರಸಿಂಹರಾಜಪುರ
7 ಫೆಬ್ರವರಿ 2007

ಏನೆಂದು ಕರೆಯಲಿ ಎಂದು ತಿಳಿಯದೆ ಹಾಗೇ ಬರೆಸುತ್ತಿದ್ದೇನೆ.

ನಿನ್ನ ಕಾಗದ ಬಂತು. ನನ್ನ ಕನ್ನಡಕ ಎಲ್ಲೋ ಇಟ್ಟು ಮರೆತಿದ್ದೆ, ಗಗನಾಳೇ ಓದಿ ಹೇಳಿದಳು. ಅವಳು ಗುರುವಾರ ಬಂದಳು. ಶೃಂಗೇರಿಗೆ ಹೋಗಿ, ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬಂದೆ ಅಜ್ಜಿ ಎಂದಳು. ಬಂದವಳೇ ಕೈಕಾಲು ತೊಳೆದು ಒಲೆಯ ಮುಂದೆ ಕೂತಳು. ಇವತ್ತು ಅಕ್ಕಿ ರೊಟ್ಟಿಗೆ ಅವಳೇ ಹಿಟ್ಟು ನಾದಿದಳು. ಈ ಕಾಗದ ಬರೆಯುತ್ತಿರುವವಳೂ ಅವಳೇ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಅಕ್ಷರ ನೋಡಿದರೆ ನಿನಗೆ ತಿಳಿದೀತು.

ನೀನು ಬರೆದದ್ದನ್ನು ಓದುವಾಗ ಅವಳು ಒಂದು ಕಡೆ ನಿಲ್ಲಿಸಿ, "ಪಾಪ, ಎಷ್ಟು ಹೆದರಿದ್ದಾಳೆ" ಎಂದಳು. ಅವಳಿಗೆ ಈಗ ಯಾವ ಹೆದರಿಕೆಯೂ ಇಲ್ಲ. ಇಲ್ಲಿ ನಮ್ಮಿಬ್ಬರ ಜೊತೆ ಮಾತಾಡುವವರು ಬೇರೆ ಯಾರೂ ಇಲ್ಲ, ಆದರೂ ಬೇಸರವಿಲ್ಲ. ಒಮ್ಮೊಮ್ಮೆ ಒಳಕೋಣೆಯಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದಾಗುತ್ತದೆ. ನಾವು ಮಾತು ನಿಲ್ಲಿಸಿ ಕಾಯುತ್ತೇವೆ.

ನಮ್ಮ ಗಗನಾ ಇಲ್ಲೇ ಇರುವಾಗ ನೀನು ಯಾರ ಮನೆಯ ಹುಡುಗಿಯೋ ನನಗೆ ಗೊತ್ತಿಲ್ಲ. ನಮ್ಮ ಯಜಮಾನರ ಮೇಲೆ ನಿನಗೆ ಗೌರವವಿದೆ, ನನ್ನ ಮೇಲೆ ಪ್ರಾಣವಿದೆ, ಅದು ಕಾಗದದಲ್ಲೇ ಕಾಣುತ್ತದೆ. ಬರಬೇಡ ಎನ್ನುವ ಮನಸ್ಸು ನನಗಿಲ್ಲ. ಭಾನುವಾರ ಬಾ. ಬಸ್‌ಸ್ಟ್ಯಾಂಡಿನಲ್ಲಿ ವಾಸಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ, ಅಲ್ಲಿ ಈಗ ಯಾರೂ ಇಲ್ಲ, ಬೀಗ ಹಾಕಿದೆ ಎನ್ನುತ್ತಾರೆ. ಅವರ ಮಾತು ಕೇಳಿಕೊಂಡು ತಿರುಗಿ ಹೋಗಬೇಡ. ನೇರ ಬಂದು ತಟ್ಟು.

ಬಾಗಿಲನ್ನು ಗಗನಾ ತೆಗೆಯುತ್ತಾಳೆ.

ಅನ್ನಪೂರ್ಣಮ್ಮ